ಬೇಡಪ್ಪಾ ಮಾವನ ಓಟು

ಚುನಾವಣೆ ಬಂತೆಂದರೆ ಟಿ.ವಿ.ಯವರು ಯಾರು ಗೆಲ್ಲುತ್ತಾರೆ, ಯಾರು ಮಣ್ಣು ಮುಕ್ಕುತ್ತಾರೆ ಅಂತ ಬೆಳಗಿನಿಂದ ಸಂಜೆವರೆಗೆ ಗಂಟಲು ಹರಿದುಕೊಳ್ಳುತ್ತಾರಲ್ಲ, ಅಷ್ಟೊಂದು ಕಷ್ಟ ಯಾಕೆ ಸ್ವಾಮಿ? ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಮಾವನನ್ನು, ಅಂದರೆ ನಮ್ಮವ್ವನ ಅಣ್ಣನನ್ನು, ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರು ಯಾರಿಗೆ ಓಟು ಹಾಕುತ್ತಾರೋ ಅವನು ಸೋತ. ಮುಗಿಯಿತು! ಹೆಚ್ಚೂಕಮ್ಮಿ ಐವತ್ತು ವರ್ಷ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಎಂ.ಎಲ್.ಎ., ಪಾರ್ಲಿಮೆಂಟು ಇವೆಲ್ಲ ದೊಡ್ಡ ಮಾತು, ಬಿಡಿ. ಹಾಲಿನ ಡೈರಿಯ ಡೈರೆಕ್ಟರ್ ಆಗಲಿ, ಸೊಸೈಟಿಯ ಸದಸ್ಯನಾಗಲಿ, ಮಾವನ ಕೈ ಸೋಕಿತೆಂದರೆ ಮೇಲೇಳುವ ಹಾಗಿಲ್ಲ. ಒಮ್ಮೆ ಊರಿನ ಶಾಲೆಯ ಸಮಿತಿಗೆ ಅಧ್ಯಕ್ಷನನ್ನು ಆರಿಸಲು ಕೈ ಎತ್ತಿಸಿದರಂತೆ. ಒಬ್ಬನ ಹೆಸರಿಗೆ ಹನ್ನೊಂದು ಕೈ ಎದ್ದಿದ್ದವು. ಮಾವ ನಿಧಾನವಾಗಿ ಹೆಗಲ ಕಂಬಳಿ ಸರಿಮಾಡಿಕೊಂಡು ತಮ್ಮದೂ ಒಂದು ಎತ್ತಿದರು. ಉಳಿದ ಹನ್ನೊಂದೂ ಇಳಿದುಹೋದವು!

ನಾನು ಚಳ್ಳಕೆರೆಯಲ್ಲಿ ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಶೇಂಗಾ ಮಾರಲು ಮಂಡಿಗೆ ಬಂದ ಮಾವನ ಊರಿನವರು ಅಂಗಡಿಗೆ ಇಣುಕಿ, "ಏನಪ್ಪಾ, ಈ ಸಲ ನಿಮ್ಮ ಮಾವ ಯಾರ ಕಡೆಗವ್ರೆ?" ಅಂತ ಕೇಳುತ್ತಿದ್ದರು. ನಾನು ಹೆಸರು ಹೇಳಿದರೆ ಕೆಲವರ ಮುಖ ಅರಳುತ್ತಿತ್ತು, ಕೆಲವರು ನನ್ನ ಸ್ಟೂಲಿನ ಮೇಲೇ ಕುಸಿದು ನೀರು ಕೇಳುತ್ತಿದ್ದರು.

ಹಾಗಂತ ಮಾವ ಕಣ್ಣುಮುಚ್ಚಿ ಓಟು ಒತ್ತುವ ಮನುಷ್ಯರಲ್ಲ. ಅವರದೊಂದು ಕಟ್ಟುನಿಟ್ಟಾದ ಪರೀಕ್ಷೆ ಇತ್ತು. ಪಕ್ಷ ನೋಡುತ್ತಿರಲಿಲ್ಲ, ಜಾತಿ ನೋಡುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದವನು ಕೂತನೋ ಇಲ್ಲವೋ? ಅಷ್ಟೇ! ಜಗುಲಿಯ ಮೇಲೆ ಕೂತು, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಮಳೆ ಬೆಳೆ ವಿಚಾರಿಸಿದವನಿಗೆ ಮಾವನ ಓಟು.

"ನಿಂತ್ಕಂಡೇ ಕೈ ಮುಗಿದು ಹೋಗ್ತಾನಲ್ಲ, ಅವನು ಗೆದ್ಮೇಲೆ ನಮ್ಮ ಮಾತು ಕೇಳಾಕೆ ಕುಂದ್ರುತಾನೇನಲೇ?" ಅನ್ನುತ್ತಿದ್ದರು.

ಮಾತೇನೋ ಸರಿಯೇ. ಆದರೆ ನೀವೇ ಯೋಚಿಸಿ. ಗೆಲ್ಲುವವನ ಹಿಂದೆ ಹತ್ತು ಜೀಪು, ಮುಂದೆ ತಮಟೆ, ಕೊರಳಲ್ಲಿ ಹೊರಲಾರದಷ್ಟು ಹಾರ. ಅವನಿಗೆ ಕೂರಲು ಪುರುಸೊತ್ತೆಲ್ಲಿ? ಹಿಂದೆ ಮುಂದೆ ಯಾರೂ ಇಲ್ಲದ, ಬಿಸಿಲಲ್ಲಿ ಒಬ್ಬನೇ ಅಲೆದು ಸುಸ್ತಾದ ಬಡಪಾಯಿ ಮಾತ್ರ ಜಗುಲಿ ಕಂಡ ಕೂಡಲೇ ಕೂರುತ್ತಾನೆ. ಒಬ್ಬನಂತೂ ಕಾಲಿಗೆ ಜಾಲಿ ಮುಳ್ಳು ಚುಚ್ಚಿತೆಂದು ತೆಗೆಸಿಕೊಳ್ಳಲು ಕೂತಿದ್ದ. ಕೂತನಲ್ಲ, ಅವನಿಗೇ ಓಟು! ಮುಳ್ಳು ಹೊರಗೆ ಬಂತು, ಠೇವಣಿ ಬರಲಿಲ್ಲ.

ಬರಬರುತ್ತಾ ಮಾವನ ಖ್ಯಾತಿ ಎಷ್ಟು ಹಬ್ಬಿತೆಂದರೆ, ಅಭ್ಯರ್ಥಿಗಳು ಓಟು ಬೇಡ ಅಂತ ಕೇಳಿಕೊಳ್ಳಲು ಬರತೊಡಗಿದರು. ಒಮ್ಮೆ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವನೊಬ್ಬ ಸೊಸೈಟಿ ಚುನಾವಣೆಗೆ ನಿಂತಿದ್ದ. ಮಟಮಟ ಮಧ್ಯಾಹ್ನ ಬೆವರು ಸುರಿಸುತ್ತಾ ಬಂದು, "ಮಾಮಾ, ನೀಕು ದಣ್ಣಂ ಪೆಡ್ತಾನು, ಕಾಲಿಗೆ ಬೀಳ್ತೀನಿ, ನನಗೊಂದು ಹಾಕಬ್ಯಾಡ" ಅಂದ. ಮಾವ ಪಾಪ, "ಆಗಲಿ ಬಿಡಪ್ಪ, ಹಾಕಲ್ಲ" ಎಂದು ಮಾತೂ ಕೊಟ್ಟರು. ಅಷ್ಟಕ್ಕೇ ಅವನು ಎದ್ದು ಹೋಗಬೇಕೋ ಬೇಡವೋ? ಉಸ್ಸಪ್ಪಾ ಅಂತ ಜಗುಲಿಯ ಮೇಲೆ ಕೂತ. ಎರಡು ಲೋಟ ಮಜ್ಜಿಗೆ ಕುಡಿದ. ಸತ್ತ ಎಮ್ಮೆಯ ವಿಷಯ ಹೇಳಿಕೊಂಡು ಒಂದು ಗಂಟೆ ಅತ್ತ. ಅವನು ಹೋದ ಮೇಲೆ ಮಾವ ತಲೆ ಮೇಲೆ ಕೈಹೊತ್ತು, "ಕುಂತುಬಿಟ್ಟನಲ್ಲೇ! ಈಗ ಹಾಕದೆ ಹೆಂಗಿರಲಿ?" ಅಂದರು. ಹಾಕಿದರು. ಅವನ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ಇಷ್ಟೂ ಸೋಲಿನಲ್ಲಿ ಅವರ ಜೊತೆ ಸದ್ದಿಲ್ಲದೆ ಸೋತವರು ನಮ್ಮ ಅತ್ತೆ. ಮದುವೆಯಾಗಿ ಬಂದ ದಿನದಿಂದ ಗಂಡ ಹೇಳಿದವರಿಗೇ ಓಟು ಒತ್ತಿದ ಹೆಂಗಸು. ಫಲಿತಾಂಶದ ದಿನ ಬೀದಿಯಲ್ಲಿ ಪಟಾಕಿ ಹೊಡೆದರೆ ಇವರ ಮನೆ ಬಾಗಿಲು ಹಾಕಿಕೊಳ್ಳುತ್ತಿತ್ತು. "ಒಂದ್ಸಲನಾದ್ರೂ ನಮ್ಮನೆ ಮುಂದೆ ಪಟಾಕಿ ಹೊಡೆಯಂಗಾಗಲಿ ಕಣ್ರೀ" ಎಂದು ಗೊಣಗುತ್ತಿದ್ದರು. ಗೊಣಗಿ, ಮತ್ತೆ ಮಾವ ಹೇಳಿದ ಗುರುತಿಗೇ ಒತ್ತಿ ಬರುತ್ತಿದ್ದರು.

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದಕ್ಕೆ ನನಗೆ ಅಷ್ಟು ನಗು ಬರುವುದಿಲ್ಲ.

ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಚಳ್ಳಕೆರೆಯಲ್ಲಿ ತೋರಿಸಿ, ಆಮೇಲೆ ದಾವಣಗೆರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಮಾವನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಹೆಚ್ಚೆಂದರೆ ಒಂದು ವರ್ಷ ಅಂದರು. ಅತ್ತೆಗೆ ಹೇಳುವುದು ಹೇಗೆಂದು ನಾವಿಬ್ಬರೂ ಬಸ್ಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದರೆ, ಅವರೇ ಕಿಟಕಿ ಕಡೆಯಿಂದ ತಿರುಗಿ, "ಎಷ್ಟು ದಿನ ಅಂದ್ರು? ನನಗೇನು ಕಿವಿ ಕೇಳಲ್ವಾ?" ಎಂದರು.

ಆ ವರ್ಷವೇ ಪಂಚಾಯ್ತಿ ಚುನಾವಣೆ ಬಂತು. ಊರಿಗಿದ್ದ ಒಂದೇ ಸೀಟು ಹೆಂಗಸರಿಗೆ ಅಂತಾಯಿತು. ಮಹಿಳಾ ಸಂಘದವರು ಬಂದು ಸುಮ್ಮನೆ ಮಾತಿಗೆಂದು, "ಅಕ್ಕಾ, ನೀನೇ ನಿಂತ್ಕ" ಅಂದರು. ಅತ್ತೆ ತಕ್ಷಣ ಹೂಂ ಅಂದುಬಿಟ್ಟರು!

"ಈ ಸ್ಥಿತೀಲಿ ಯಾಕೆ ಬೇಕೇ ನಿನಗೆ?" ಎಂದು ಮಾವ ಗಾಬರಿಯಾದರು.

"ನಿಮ್ಮ ಜತೆ ಸೇರ್ಕಂಡು ಜೀವಮಾನವೆಲ್ಲ ಸೋತಿದ್ದಾತು. ಹೋಗೋದ್ರೊಳಗೆ ಒಂದು ಸಲ ಗೆದ್ದು ನೋಡ್ತೀನಿ, ಬಿಡ್ರಿ" ಅಂದರು ಅತ್ತೆ.

ಅದಾದ ಮೇಲೆ ಮಾವನಿಗೆ ಊಟ ರುಚಿಸಲಿಲ್ಲ. ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅತ್ತೆಯ ಹಿಂದೆ ಕರಪತ್ರ ಹಿಡಿದು ತಿರುಗಿದರು. ಕರಪತ್ರ ನನ್ನ ಅಂಗಡಿಯದೇ. ಅತ್ತೆ ಪ್ರಚಾರ ಮಾಡಿದ ರೀತಿ ಕೇಳಬೇಕು ನೀವು. ಎದುರಾಳಿ ಹೆಂಗಸು ಒಂದೇ ಮಧ್ಯಾಹ್ನದಲ್ಲಿ ಊರು ಸುತ್ತಿ ಮುಗಿಸಿದಳು. ಅತ್ತೆ ಮಾತ್ರ ಪ್ರತಿ ಮನೆಯಲ್ಲೂ ಕೂತರು! ಸುಸ್ತಿಗೆ ಕೂತರೋ, ಗಂಡನ ಪರೀಕ್ಷೆಯಲ್ಲಿ ಪಾಸಾಗಲು ಕೂತರೋ, ದೇವರೇ ಬಲ್ಲ. ಸೊಸೆಯರ ಕಷ್ಟ ಕೇಳಿದರು, ಕೂಸುಗಳ ಮೂಗು ಒರೆಸಿದರು. ಓಟು ಕೇಳುವುದನ್ನು ಎಷ್ಟೋ ಮನೆಯಲ್ಲಿ ಮರೆತೇಬಿಟ್ಟು, ಮಾವ ಬಾಗಿಲಲ್ಲಿ ಕೆಮ್ಮಿ ನೆನಪು ಮಾಡಬೇಕಾಗುತ್ತಿತ್ತು.

ವಿಚಿತ್ರ ಏನೆಂದರೆ ಊರು ಅತ್ತೆಯ ಕಡೆ ವಾಲತೊಡಗಿತು. ಈ ಸಲ ಗೆದ್ದರೂ ಗೆದ್ದಾರು ಅನ್ನುವ ಮಾತು ಹೋಟೆಲಿನಲ್ಲಿ ಕೇಳಿಬಂತು. ಆಗಲೇ ಸಂಘದ ಹೆಂಗಸರು ಮಾವನನ್ನು ಬೇವಿನ ಮರದ ಹತ್ತಿರ ಕರೆದು ನಿಲ್ಲಿಸಿಕೊಂಡದ್ದು.

"ಅಣ್ಣಾ, ತಪ್ಪು ತಿಳ್ಕಬ್ಯಾಡ. ಅಕ್ಕ ಗೆಲ್ಲಬೇಕು ಅಂತ ನಿನಗೂ ಐತೆ, ನಮಗೂ ಐತೆ. ನಿನ್ನ ಓಟೊಂದು ಮಾತ್ರ ಅಕ್ಕನಿಗೆ ಬೀಳಬಾರ್ದು."

ಮರುದಿನ ಮಾವ ಮೊದಲ ಬಸ್ಸು ಹಿಡಿದು ಚಳ್ಳಕೆರೆಗೆ ಬಂದರು. ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲಿದ್ದರು.

"ಲೇ, ಓಟೇ ಹಾಕದಂಗೆ ಇದ್ದುಬಿಡ್ಲಾ?"

"ಅತ್ತೆ ಬೆರಳು ನೋಡಲ್ವಾ ಮಾವ? ಶಾಯಿ ಇಲ್ಲದಿದ್ರೆ ಏನಂತೀರಿ?"

"ಅದಕ್ಕೇ ಕಣೋ ಬಂದಿದ್ದು."

ನಾನು ಮೆಷಿನ್ನಿಗೆ ಕಾಗದ ತುಂಬುತ್ತಾ, ನಗುತ್ತಾ ಹೇಳಿದೆ: "ಎದುರಾಳಿಗೇ ಒತ್ತಿ ಬನ್ನಿ ಮಾವ! ನಿಮ್ಮ ಓಟು ಬಿದ್ದೋರು ಸೋಲ್ಲೇಬೇಕಲ್ಲ. ಅತ್ತೆ ತಾನಾಗೇ ಗೆಲ್ತಾರೆ." ತಮಾಷೆಗೆ ಅಂದೆ. ಮಾವ ನಗಲಿಲ್ಲ. ಟೀ ಕೂಡ ಕುಡಿಯದೆ ವಾಪಸು ಬಸ್ಸು ಹತ್ತಿದರು. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಈಗಲೂ ನನಗೆ ನನ್ನ ಮೇಲೆ ಸಿಟ್ಟಿದೆ.

ಓಟಿನ ದಿನ ನಾನೂ ಊರಿಗೆ ಹೋಗಿದ್ದೆ. ಮಾವ ಶಾಲೆಯ ಬೂತಿನಿಂದ ಹೊರಗೆ ಬಂದರು. ಅತ್ತೆ ಅವರ ಬೆರಳು ಹಿಡಿದು ಶಾಯಿ ನೋಡಿ, "ನನಗೇ ತಾನೆ?" ಎಂದು ಹೊಸ ಮದುವಣಗಿತ್ತಿಯ ಹಾಗೆ ಕೇಳಿದರು. ಮಾವ ನೆಲ ನೋಡುತ್ತಾ, "ಹೂಂ" ಅಂದರು.

ಮೊಳಕಾಲ್ಮೂರಿನಲ್ಲಿ ಎಣಿಕೆ. ಅತ್ತೆಗೆ ಅಷ್ಟು ದೂರ ಬರಲು ಆಗಲಿಲ್ಲ. ಮಾವನೂ ನಾನೂ ಹೋದೆವು. ಸಂಘದವರು ನಾಲ್ಕು ಸರ ಪಟಾಕಿ ತಂದು ಆಟೋದ ಸೀಟಿನ ಕೆಳಗಿಟ್ಟಿದ್ದರು. ಮಧ್ಯಾಹ್ನ ಮೈಕಿನಲ್ಲಿ ಹೆಸರು ಕೂಗಿದರು. ಮತ್ತೊಮ್ಮೆ ಎಣಿಸಿ ಅಂತ ಕೇಳಿಕೊಂಡೆವು, ಎಣಿಸಿದರು. ಎರಡು ಸಲವೂ ಅದೇ ಬಂತು. ಅತ್ತೆ ಒಂದು ಓಟಿನಿಂದ ಸೋತಿದ್ದರು.

ಒಂದೇ ಒಂದು ಓಟು! ಎದುರಾಳಿಯ ಕಡೆಯಿಂದ ಮಾವನದನ್ನು ತೆಗೆದು ಅತ್ತೆಯ ಕಡೆ ಇಟ್ಟಿದ್ದರೆ, ಅತ್ತೆ ಅದೇ ಒಂದು ಓಟಿನಿಂದ ಗೆದ್ದಿರುತ್ತಿದ್ದರು. ಈ ಲೆಕ್ಕ ನನಗೆ ಹೊಳೆಯುವ ಮುಂಚೆ ಮಾವನಿಗೆ ಹೊಳೆದಿತ್ತು. ಕಾಂಪೌಂಡಿನ ಗೋಡೆ ಹಿಡಿದು ನಿಂತುಬಿಟ್ಟರು. ಅತ್ತ ಕಡೆ ಗೆದ್ದವರು ಬಣ್ಣ ಎರಚುತ್ತಿದ್ದರು. ಒಂದು ಹಿಡಿ ಗುಲಾಲು ಹಾರಿ ಮಾವನ ತಲೆಯ ಮೇಲೂ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.

ವಾಪಸು ಆಟೋ ಹತ್ತಿದೆವು. ಊರು ಹತ್ತಿರ ಬಂದಾಗ ನಾನು ಅವರ ಕೈ ಹಿಡಿದು, "ಮಾವ, ಅತ್ತೆಗೆ ಹೇಳೋದು ಬ್ಯಾಡ. ನಿಮ್ಮ ಓಟು ಅವರಿಗೇ ಬಿತ್ತು ಅಂತ ಇರಲಿ" ಎಂದೆ.

"ನನ್ನ ಓಟು ಇಸ್ಕಂಡು ಯಾರ್ಯಾರೋ ಸೋತ್ರು ಕಣೋ, ಗುರುತಿಲ್ಲದೋರೆಲ್ಲ" ಎಂದರು ಮಾವ. "ಇವಳೊಬ್ಬಳು ನನ್ನ ಓಟಿಲ್ದಂಗೆ ಸೋತ್ಲು. ನಾನು ಹೆಂಗೆ ಸುಮ್ಕಿರಲಿ?"

ಅತ್ತೆ ಒಳಗೆ ಚಾಪೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದರು. ನಮ್ಮ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ಎಷ್ಟರಾಗೆ ಹೋತು?" ಎಂದು ಕೇಳಿದರು. ಮಾವ ಬಾಗಿಲಲ್ಲೇ ನಿಂತು, ತಲೆಯ ಮೇಲಿನ ಗುಲಾಲಿನ ಸಮೇತ, ಎಲ್ಲವನ್ನೂ ಹೇಳಿಬಿಟ್ಟರು. ಬೇವಿನ ಮರ, ನನ್ನ ಅಂಗಡಿ, ಬೂತಿನಲ್ಲಿ ಯಾವ ಗುರುತಿನ ಮೇಲೆ ಮುದ್ರೆ ಒತ್ತಿದ್ದು, ಎಲ್ಲ. ಆಮೇಲೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ಸೋಲು ಕಂಡಿದ್ದ ನಮ್ಮ ಮಾವ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಅತ್ತೆಯ ಕೈ ನಿಂತಿತು. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ, ಸುಮ್ಮನೆ ಮಾತ್ರ ಇರದಿರಲಿ ಎಂದು ನನಗನ್ನಿಸಿತು.

ಮೂರು ತಿಂಗಳಿಗೆ ಅತ್ತೆ ಹೋದರು. ಅವರ ವಿಷಯದಲ್ಲಿ ನಾನು ಮರೆತದ್ದು ಎಷ್ಟೋ ಇರಬಹುದು. ಆದರೆ ಅವತ್ತು ಅವರು ಗೋಡೆ ಹಿಡಿದು ಕಷ್ಟಪಟ್ಟು ಎದ್ದು, ಮಾವನ ಹತ್ತಿರ ಬಂದು, ಸೆರಗಿನಿಂದ ಅವರ ತಲೆ ಮುಖ ಒರೆಸುತ್ತಾ ಆಡಿದ ಮಾತು ಮಾತ್ರ ಹಾಗೇ ಇದೆ.

"ಹೆಂಡ್ತಿ ಗೆಲ್ಲಲಿ ಅಂತ ಇನ್ನೊಬ್ಬಳಿಗೆ ಓಟು ಒತ್ತಿ ಬಂದ ಗಂಡ ಈ ಊರಾಗೆ ಇನ್ಯಾರಿಗವ್ರೆ ಹೇಳ್ರಿ? ಅಳಬ್ಯಾಡ್ರಿ. ಕೊನೆಗೂ ನಿಮ್ಮ ಓಟೊಂದು ಗೆಲ್ತಲ್ಲ, ನಾನು ಇರೋವಾಗ್ಲೇ."