ಬಾವಿ ಭೂತಕ್ಕಾಗಿ ಒಂದು ಸಾವು

ಸುಳ್ಳು ಹೇಳುವುದಾದರೆ ಚಿಕ್ಕದಾಗಿ ಹೇಳಬೇಕು. ದೆಹಲಿಯ ಮಯೂರ್ ವಿಹಾರದ ಇಂದುಶೇಖರ ಭಾನುವಾರ ಬೆಳಿಗ್ಗೆ ಒಬ್ಬರನ್ನು ಸಾಯಿಸಿಯೇ ಬಿಟ್ಟರು.

"ಸರಳಾ, ನಮ್ಮ ಆಫೀಸಿನ ಮಹಂತೇಶನ ತಾಯಿ ಹೋಗ್ಬಿಟ್ರಂತೆ. ಫರೀದಾಬಾದ್‌ಗೆ ಹೋಗಿಬರ್ತೀನಿ."

ನಿಜಕ್ಕೂ ಹೊರಟಿದ್ದು ಹೌಜ್ ಖಾಸ್‌ಗೆ. ಅಲ್ಲೊಂದು ಸಿನಿಮಾ ಕ್ಲಬ್ಬಿನವರು ಹನ್ನೊಂದಕ್ಕೆ 'ಬಾವಿಯೊಳಗಿನ ಬಳೆ' ತೋರಿಸುವವರಿದ್ದರು. ಒಂದೇ ಆಟ. ಅದು ಮೂರು ಕಾಸಿನ ಬಜೆಟ್ಟಿನ ಭೂತದ ಸಿನಿಮಾ. ಭೂತದ ಕೈಯಲ್ಲಿ ವಾಚು, ರಕ್ತದ ಬದಲು ಟೊಮೆಟೊ ಸಾಸು, ಸತ್ತು ಬಿದ್ದ ಹೆಣ ನಡುವೆ ಸೊಳ್ಳೆ ಹೊಡೆದುಕೊಳ್ಳುತ್ತದೆ. ಇಂದುಶೇಖರರಿಗೆ ಅಂಥದ್ದರಲ್ಲೇ ಪ್ರಾಣ. ದುಡ್ಡಿದ್ದವರು ಹೆದರಿಸುವುದರಲ್ಲಿ ಏನು ಹೆಚ್ಚುಗಾರಿಕೆ, ಒಂದು ಹಳೇ ಸೀರೆ, ಎರಡು ಬಲ್ಬು ಇಟ್ಟುಕೊಂಡು ಹೆದರಿಸುವುದೇ ಕಲೆ ಎಂಬುದು ಅವರ ವಾದ. ಕಾಲೇಜು ದಿನಗಳಲ್ಲಿ ಈ ಸಿನಿಮಾ ನೋಡುವಾಗ, ಬಾವಿಯಿಂದ ಕೈ ಮೇಲೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿತ್ತು. ಆ ಕೈ ಯಾರದು ಎಂದು ಮೂವತ್ತು ವರ್ಷಗಳಿಂದ ಕೊರಗುತ್ತಿದ್ದರು. ಇದನ್ನೆಲ್ಲ ಹೆಂಡತಿಗೆ ಹೇಳುವುದುಂಟೆ? ಈ ಹುಚ್ಚಿಗೆ ಜೊತೆಗಾರ ಮಹಂತೇಶನೊಬ್ಬನೇ. 'ಮನೇಲಿ ಏನಾದ್ರೂ ನೆಪ ಹೇಳಿ ಬಂದ್ಬಿಡೋಣ' ಎಂದು ಶುಕ್ರವಾರ ಇಬ್ಬರ ನಡುವೆ ಮಾತಾಗಿತ್ತು.

ಸರಳಾ ಕಣ್ಣೊರೆಸಿಕೊಂಡು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದರು. ಅಷ್ಟು ಸಾಕಾಯಿತು. ದೆಹಲಿಯಲ್ಲಿ ನಮ್ಮವರ ಮನೆಯಲ್ಲಿ ಸಾವಾದರೆ ನಮ್ಮವರು ಸುಮ್ಮನಿರುವ ಪೈಕಿಯಲ್ಲ. ಇಂದುಶೇಖರ ಸ್ನಾನ ಮುಗಿಸುವುದರೊಳಗೆ ಪಕ್ಕದ ಫ್ಲಾಟಿನ ಇಂದಿರಮ್ಮ ದೊಡ್ಡ ಡಬ್ಬಿ ಹಿಡಿದು ಬಾಗಿಲಲ್ಲಿದ್ದರು.

"ಸಾವಿನ ಮನೇಲಿ ಒಲೆ ಹಚ್ಚೋ ಹಾಗಿಲ್ಲ, ಉಪ್ಪಿಟ್ಟು ಮಾಡ್ಕೊಂಡ್ ಬಂದೆ. ಚಲೋ, ಟೆಂಪೋ ಬಂದಿದೆ."

"ನಿಮಗ್ಯಾಕೆ ತೊಂದರೆ? ನಾನು ಮೆಟ್ರೋದಲ್ಲಿ..."

"ಅವರ ಹೆತ್ತ ತಾಯಿ ಹೋಗಿದ್ದಾರೆ, ಇವರಿಗೆ ಮೆಟ್ರೋ ಅಂತೆ!"

ಕೆಳಗೆ ಕನ್ನಡ ಸಂಘದ ಕಾರ್ಯದರ್ಶಿ ದೇವೇಂದ್ರಪ್ಪ ಎಂಟು ಜನರನ್ನು ಟೆಂಪೋಗೆ ತುಂಬಿ, "ಭಯ್ಯಾ, ಜಲ್ದಿ ಚಲೋ" ಎಂದು ಡ್ರೈವರನನ್ನು ಅವಸರಪಡಿಸುತ್ತಿದ್ದರು. ಸರಳಾ ಗಂಡನ ಪಕ್ಕದಲ್ಲೇ ಕೂತರು.

ಇಂದುಶೇಖರ ಮಹಂತೇಶನಿಗೆ ನಾಲ್ಕು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ಪಾಪಿ ಆಗಲೇ ಹಾಲ್‌ನಲ್ಲಿ ಜಾಗ ಹಿಡಿದಿರಬೇಕು.

"ಏನಾಗಿತ್ತು ಅವರಿಗೆ?" ದೇವೇಂದ್ರಪ್ಪ ಕೇಳಿದರು.

"ಹಾರ್ಟು."

"ಅಚ್ಛಾ. ಸರಳಮ್ಮ ಕಿಡ್ನಿ ಅಂದ್ರು?"

"ಎರಡೂ," ಎಂದರು ಇಂದುಶೇಖರ.

ಬದರ್‌ಪುರದ ಟ್ರಾಫಿಕ್ಕಿನಲ್ಲಿ ಹನ್ನೊಂದು ಹೊಡೆಯಿತು. ಅಲ್ಲಿ ದೀಪ ಆರಿಸಿ ಸಿನಿಮಾ ಹಾಕಿರುತ್ತಾರೆ ಎಂದು ನೆನೆದು ಅವರಿಗೆ ಅಳುವೇ ಬಂತು. ಅತ್ತೇಬಿಟ್ಟರು.

"ಅಯ್ಯೋ, ಸ್ವಂತ ತಾಯಿ ಥರ ಹಚ್ಕೊಂಡಿದ್ರು ಅನ್ಸುತ್ತೆ," ಎಂದು ಇಂದಿರಮ್ಮನೂ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಫರೀದಾಬಾದಿನ ಮನೆಯ ಗಂಟೆ ಒತ್ತಿದ್ದು ದೇವೇಂದ್ರಪ್ಪ. ಬಾಗಿಲು ತೆರೆದದ್ದು ಮಹಂತೇಶನ ತಾಯಿ. ಪರಿಚಯ ಹೇಳುವ ಮೊದಲೇ ಗೋಡೆಯ ಫೋಟೋಗಳಲ್ಲಿ ಮಹಂತೇಶನ ಪಕ್ಕ ಅದೇ ಮುಖ ಕಂಡು ಟೆಂಪೋ ಜನವೆಲ್ಲ ಎರಡು ಹೆಜ್ಜೆ ಹಿಂದೆ ಸರಿಯಿತು. ಸರಳಾ ಗಂಡನ ರಟ್ಟೆ ಹಿಡಿದು ಚಿವುಟಿದರು. ಇಂದುಶೇಖರ ಕಣ್ಣು ಮುಚ್ಚಿಕೊಂಡರು.

ಆದರೆ ಕಿಟಾರನೆ ಕಿರುಚಿದ್ದು ಆ ಮುದುಕಿ. ಇಂದುಶೇಖರರತ್ತ ಬೆರಳು ತೋರಿಸುತ್ತಾ ಬಾಗಿಲಿಗೆ ಆತುಕೊಂಡರು.

"ಸ್ಫೂರ್ತಿ, ಲಗೂನ ಬಾರವಾ! ಇಲ್ನೋಡು ಯಾರು ಬಂದಾರ!"

ಒಳಗಿನಿಂದ ಓಡಿಬಂದ ಸೊಸೆ ಇಂದುಶೇಖರರನ್ನು ನೋಡಿ ಬೆಳ್ಳಗಾದಳು.

"ಸರ್... ನೀವಾ? ಇವರು ಬೆಳಿಗ್ಗೇನೇ ಅತ್ಕೊಂಡು ನಿಮ್ಮ ಮಣ್ಣಿಗೆ ಅಂತ ಹೋದ್ರಲ್ಲ!"