ಬೆಂಕಿ ಇದ್ದಲ್ಲೇ, ದ್ವೀಪ ಮುಂದಕ್ಕೆ

ತೆಲಂಗಾಣ ಚಳವಳಿಯಲ್ಲಿ ಹಳಿ ಮೇಲೆ ಕೂತು ರೈಲು ನಿಲ್ಲಿಸಿದವನು ನಾನು. ಅಂಥವನಿಗೆ ಮಲ್ಕಾಜ್‌ಗಿರಿಯ ಒಂದು ಅಪಾರ್ಟ್‌ಮೆಂಟಿನ ಮಂದಿಯನ್ನು ಕೂಡಿಸುವುದು ಯಾವ ಲೆಕ್ಕ?

ರಾಜ್ಯ ಬಂತು, ಚಳವಳಿ ಮುಗಿಯಿತು, ಮೈಕಿನವನೂ ನನ್ನ ನಂಬರ್ ಅಳಿಸಿದ. ಗಂಟಲು ಮಾತ್ರ ಗಟ್ಟಿಯಾಗಿ ಉಳಿಯಿತು. ರಾಜಕಾರಣವೆಂದರೆ ಯಾರೂ ಬರುವುದಿಲ್ಲ, ವಿಜ್ಞಾನವೆಂದರೆ ಮಕ್ಕಳ ನೆಪದಲ್ಲಾದರೂ ಬಂದಾರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಿಮ್ಮ ಸಂಗಣ್ಣನ ಭಾಷಣ. ವಿಷಯ: ಜ್ವಾಲಾಮುಖಿ ದ್ವೀಪಗಳ ಸಾಲು ಹುಟ್ಟುವ ಬಗೆ. ಮಿರ್ಚಿ ಭಜಿ ಉಂಟು."

ಹೆಬ್ಬೆಟ್ಟು ಬಂದವು. ಮಂದಿ ಬರಲಿಲ್ಲ. ಬಾಡಿಗೆ ಕುರ್ಚಿಗಳು ನನ್ನ ಮುಖ ನೋಡುತ್ತಿದ್ದವು.

"ನಾ ಇದ್ದೀನಲ್ರಿ, ಶುರು ಮಾಡ್ರಿ. ಭಜಿ ಆರಾಕತ್ತಾವು" ಎಂದು ಹೆಂಡತಿ ಸುವರ್ಣಾ ಮುಂದಿನ ಕುರ್ಚಿಯಲ್ಲಿ ಕೂತಳು.

ಧರಣಿಯ ಹಳೆ ಫ್ಲೆಕ್ಸನ್ನು ಎರಡು ಸ್ಟೂಲುಗಳ ನಡುವೆ ಹಾಸಿ, ಕೆಳಗೆ ಮೇಣಬತ್ತಿ ಹಚ್ಚಿದೆ. "ನೋಡು, ಬತ್ತಿ ಅಂದ್ರ ಭೂಮಿಯೊಳಗಿನ ಬೆಂಕಿ. ಕದಲಂಗಿಲ್ಲ. ಫ್ಲೆಕ್ಸು ಸಮುದ್ರದ ತಳ. ಇದು ಮೆಲ್ಲಕ ಸರೀತದ." ಸರಿಸಿದೆ. ಒಂದು ಗುಳ್ಳೆ ಎದ್ದಿತು. ಮತ್ತೆ ಸರಿಸಿದೆ. ಅದರ ಹಿಂದೆ ಇನ್ನೊಂದು. "ಬೆಂಕಿ ಬಿಟ್ಟು ದೂರ ಹೋದ ದ್ವೀಪ ತಣ್ಣಗಾಗ್ತದ. ಲಕ್ಷಾಂತರ ವರ್ಷದಾಗ ಸವೆದು ನೀರಾಗ ಮುಳಗ್ತದ. ಬೆಂಕಿ ಮಾತ್ರ ಅಲ್ಲೇ ಕುಂತು ಹೊಸಾದು ಹುಟ್ಟಸ್ತದ."

"ಒಂದಾದ್ರೂ ಬೆಂಕಿ ಜೋಡಿ ಉಳಿಯಂಗಿಲ್ಲೇನ್ರಿ?"

ಇಷ್ಟು ಒಳ್ಳೆಯ ಪ್ರಶ್ನೆ ಯಾರಾದರೂ ಕೇಳಿ ವರ್ಷಗಳಾಗಿದ್ದವು. ಸಭೆಯಲ್ಲಿ ಪ್ರಶ್ನೆ ಬಂದರೆ ಎದ್ದು ನಿಂತು, ಮುಷ್ಟಿ ಎತ್ತಿ ಉತ್ತರಿಸುವ ಚಾಳಿ ನನ್ನದು. ಎದ್ದೆ. ಎತ್ತಿದೆ. ಅದು ಫ್ಲೆಕ್ಸ್ ಸರಿಸುತ್ತಿದ್ದ ಕೈ.

ಸಮುದ್ರದ ತಳ ನಿಂತಲ್ಲೇ ತೂತಾಗಿ ಧಗ್ಗನೆ ಹೊತ್ತಿತು. ಕರಿ ಹೊಗೆ ಬಾಲ್ಕನಿ ದಾಟಿತು. "ಸಿಲಿಂಡರ್! ಸಿಲಿಂಡರ್!" ಎಂದು ಕೆಳಗೆ ಯಾರೋ ಕೂಗಿದರು. ಮೇಲಿನ ಮನೆಯ ಮೌನಪ್ಪ ನುಗ್ಗಿ ಬಂದು ಬೆಂಕಿಯನ್ನೂ ನನ್ನನ್ನೂ ಒಂದೇ ಬಕೆಟಿನಲ್ಲಿ ಆರಿಸಿದ. ಅವನ ಹಿಂದೆ ಇಡೀ ಕಟ್ಟಡ. ಹಾಲ್ ತುಂಬಿತು, ಮೆಟ್ಟಿಲು ತುಂಬಿತು. ನೀರು ಸೋರುತ್ತಲೇ ಕುರ್ಚಿ ಹತ್ತಿದೆ.

"ಬಂಧುಗಳೇ, ಇಷ್ಟು ದೊಡ್ಡ ಸಂಖ್ಯೆಯಲ್ಲಿ..."

"ಏನಿಲ್ಲ, ಬೆಂಕಿ ಆರ್ಯದ. ನಡೀರಿ, ನಡೀರಿ" ಎಂದ ಮೌನಪ್ಪ.

ನಡೆದರು. ನಡೆಯುವಾಗ ತಲೆಗೊಂದು ಭಜಿ ಎತ್ತಿಕೊಂಡರು.

ನೆಲದ ತುಂಬ ಒದ್ದೆ ಹೆಜ್ಜೆ. ಕುರ್ಚಿಯ ಮೇಲೆ ನಾನೊಬ್ಬ. ಸುವರ್ಣಾ ಬಾಗಿಲು ಹಾಕಿ ಬಂದು, ಕೈಹಿಡಿದು ಇಳಿಸಿದಳು.

"ಮುಂದಿನ ಸಲ ಮಂದಿ ಬೇಕಾದ್ರ ಮೊದಲ ಹೇಳ್ರಿ. ಒಗ್ಗರಣಿ ಸೀಸಿ ಹೊಗಿ ಎಬ್ಬಸ್ತೀನಿ."