ತಲಬಾಗಿಲ ಬಾಯ್ಲರ್

ಮೊಮ್ಮಕ್ಕಳೇ, ಬಾಯ್ಲರ್ ಇಡುವುದಕ್ಕೆ ಬುದ್ಧಿಯೂ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕನ್ನಡ ನಾಡು ಒಂದಾಗಿ ಒಂದೆರಡು ವರ್ಷವಾಗಿದ್ದ ಕಾಲ. ಅಷ್ಟು ದೊಡ್ಡ ನಾಡಿನ ಗಡಿಯನ್ನೇ ಗೆರೆ ಎಳೆದು ಕೂರಿಸಿದ್ದರು. ಒಂದು ಬಾಯ್ಲರ್ ಕೂರಿಸುವುದು ಯಾವ ಮಹಾ ಕೆಲಸ! ಜಾಗವಂತೂ ನಮ್ಮ ಶಿಕಾರಿಪುರದ ಮನೆಯಲ್ಲಿ ಬೇಕಾದಷ್ಟಿತ್ತು. ನಿಮ್ಮ ಅಜ್ಜ ತೀರಿಹೋಗಿ, ನಿಮ್ಮ ಅಮ್ಮ ನೀಲಾ ಮದುವೆಯಾಗಿ ಸೊರಬ ಸೇರಿದ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಜಾಗ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನೀಲಾಳ ದಿನ ತುಂಬುತ್ತ ಬಂದಾಗ ಅವಳ ಅತ್ತೆ, ನಿಮ್ಮ ಸೊರಬದ ಅಜ್ಜಿ, ಹೇಳಿಕಳಿಸಿದರು: "ನಿಮ್ಮ ಬಚ್ಚಲು ಹಿತ್ತಲ ತುದೀಲಿದೆ. ಬಾಣಂತಿಗೆ ಗಾಳಿ ತಾಗ್ತದೆ. ಮನೆ ಒಳಗೇ ಬಿಸಿನೀರಿನ ಅನುಕೂಲ ಇದ್ರೆ ಕಳಿಸ್ತೇವೆ. ನಾನೇ ಬಂದು ನೋಡ್ತೇನೆ."

ಮಗಳು, ಕೂಸು, ತಿಂಗಳುಗಟ್ಟಲೆ ಮನೆ ತುಂಬ ಸದ್ದು! ನನಗೂ ಆ ಸದ್ದಿಗೂ ನಡುವೆ ಇದ್ದದ್ದು ಬಿಸಿನೀರೊಂದೇ. ಕೂಡಲೇ ಶಿರಾಳಕೊಪ್ಪದಿಂದ ತಾಮ್ರದ ಬಾಯ್ಲರ್ ತರಿಸಿದೆ. ನಡುವೆ ಬೆಂಕಿ, ಸುತ್ತ ನೀರು, ಕೆಳಗೆ ನಲ್ಲಿ, ಮೇಲೆ ಹೊಗೆಯ ಕೊಳವೆ.

ಎಲ್ಲಿಡುವುದು? ಪಕ್ಕದ ಮನೆಯ ಬಸಮ್ಮ, "ಬೆಂಕಿ ಅಂದ್ಮ್ಯಾಲೆ ಆಗ್ನೇಯಕ್ಕ ಇಡ್ರೀ ಅಕ್ಕಾ" ಎಂದಳು. ಮಠದ ಅಯ್ಯನವರು, "ಒಳಗಿರೋದು ನೀರಲ್ಲೇನವ್ವಾ? ನೀರು ಈಶಾನ್ಯಕ್ಕೆ" ಎಂದರು.

ಇಬ್ಬರಿಗೂ ಎದುರಾಡುವ ಧೈರ್ಯ ನನಗಿಲ್ಲ. ಹಳ್ಳಿ ಶಾಲೆಯ ವಿದ್ಯೆ ಆಗ ಕೈಹಿಡಿಯಿತು. ಆಗ್ನೇಯಕ್ಕೂ ಈಶಾನ್ಯಕ್ಕೂ ನಟ್ಟನಡುವೆ ಯಾವುದು? ಪೂರ್ವ! ಇಬ್ಬರ ಮಾತೂ ಅರ್ಧರ್ಧ ಉಳಿಯಿತು.

ಬಾಯ್ಲರ್ ಕೂರಿಸಲು ಬಂದ ಗಾರೆಯ ಗೌಂಡಿ ತಲೆ ಕೆರೆದುಕೊಂಡ. "ಅವ್ವಾರ, ಪೂರ್ವಕ್ಕ ತಲಬಾಗ್ಲ ಐತಲ್ರೀ!"

"ಅದರ ಪಕ್ಕಕ್ಕಿಡು" ಎಂದೆ ಬಾಗಿಲ ಮರೆಯಿಂದ. ಗಂಡಸರೆದುರು ನಾನು ಅಷ್ಟು ಮಾತಾಡಿದ್ದೇ ಹೆಚ್ಚು.

"ನೀರು ಹೋಗಾಕ ಮೋರಿ?"

"ಆಮೇಲೆ."

ಹೀಗೆ ಬಾಯ್ಲರ್ ಪಡಸಾಲೆಯಲ್ಲಿ, ತಲಬಾಗಿಲ ಪಕ್ಕದಲ್ಲಿ ಸ್ಥಾಪನೆಯಾಯಿತು. ಕೊಳವೆ ಗೋಡೆ ತೂರಿ ಬೀದಿಗೆ ಹೊರಟಿತು. ಬಾವಿಯ ನೀರು ಒಂದೇ ಕಡೆ ಸುರಿದರಾಯಿತೆಂದು ತಣ್ಣೀರಿನ ಮಣ್ಣಿನ ಹರವಿಯನ್ನೂ ಅದಕ್ಕೆ ಒತ್ತಿ ಇಟ್ಟೆ. ಎಂಥ ಮುಂದಾಲೋಚನೆ!

ಬೀಗಿತಿ ಬರುವ ದಿನ ಬಾಯ್ಲರನ್ನು ಹುಣಸೆಹಣ್ಣಿನಿಂದ ಬೆಳಗಿ, ಬೆಂಕಿ ಹಾಕಿ, ಬಾಗಿಲು ತೆರೆದಿಟ್ಟೆ. ಬಸ್ಸಿಳಿದ ಇಬ್ಬರು ಗಂಡಸರು ಹೊಗೆ ನೋಡಿದರು, ಹೊಳೆಯುವ ತಾಮ್ರ ನೋಡಿದರು, ಜಗಲಿಯ ಮೇಲೆ ಕುಳಿತರು.

"ಹೊಸಾ ಹೋಟ್ಲೇನ್ರೀ? ಎರಡು ಚಾ ಕೊಡ್ರೀ!"

ಇದು ಹೋಟೆಲಲ್ಲ ಎನ್ನಲು ಬಾಯಿ ಬರಬೇಕಲ್ಲ! ಮಾತು ಬರಲಿಲ್ಲ, ಚಾ ಬಂತು. ಬಾಗಿಲ ಮರೆಯಿಂದ ಲೋಟ ಸರಿಸಿದೆ. ಅವರನ್ನು ನೋಡಿ ಇನ್ನಿಬ್ಬರು ಬಂದರು. "ಸಕ್ಕರಿ ಒಂಚೂರು ಮುಂದಿರ್ಲಿ" ಎಂದನೊಬ್ಬ. "ಮಂಡಕ್ಕಿ ಇಲ್ಲೇನ್ರೀ?" ಎಂದನಿನ್ನೊಬ್ಬ. ಅಷ್ಟರಲ್ಲಿ ಬೀಗಿತಿ ಮೆಟ್ಟಿಲ ಬಳಿ ನಿಂತಿದ್ದರು.

"ಎಂತದಕ್ಕಾ ಇದು?"

ಒಳಗೆ ಕರೆದು ಹರವಿಯ ನೀರು ಕೊಟ್ಟೆ. ಒಂದು ಗುಟುಕಿಗೆ ಅವರ ಕಣ್ಣು ಅಗಲವಾಯಿತು. ಬಾಯ್ಲರಿನ ಸಹವಾಸದಲ್ಲಿ ಹರವಿಯೂ ಕಾದಿತ್ತು!

"ಇದು ಕುಡಿಯೂಕೋ, ಮೀಯೂಕೋ?" ಎಂದು ಲೋಟ ಇಟ್ಟರು. "ಅದಿರ್ಲಿ. ಬಾಣಂತಿ ಎಲ್ಲಿ ಮೀಯೋದು?"

ಸುತ್ತ ನೋಡಿದೆ. ತೆರೆದ ಬಾಗಿಲಾಚೆ ಜಗಲಿ, ಅದರಾಚೆ ಬೀದಿ, ಕಿಟಕಿಯ ತುಂಬ ಚಾ ಕುಡಿಯುವ ಮುಖಗಳು. ಬಾಯ್ಲರಿಗೆ ಜಾಗ ಹುಡುಕುವ ಗಡಿಬಿಡಿಯಲ್ಲಿ ಬಾಣಂತಿಗೆ ಜಾಗ ಬೇಕೆಂಬುದೇ ಹೊಳೆದಿರಲಿಲ್ಲ!

"ನೀಲಾ ನಮ್ಮಲ್ಲೇ ಇರ್ಲಿ ಬಿಡಿ" ಎಂದರು, ಮೆಲ್ಲಗೆ. ಆಮೇಲೆ ಬಾಯ್ಲರನ್ನು ಬೆರಳಿಂದ ತಟ್ಟಿ ನೋಡಿದರು. "ಇದು ಮಾತ್ರ ಗಟ್ಟಿ ಇದೆ. ಕೂಸಿಗೆ ಆಗ್ತದೆ, ಕೊಡಿ."

ಹೆರಿಗೆಗೆ ಮಗಳು ಇಲ್ಲಿಗೆ ಬರಲಿಲ್ಲ, ಬಾಯ್ಲರ್ ಅದೇ ಸಂಜೆ ಸೊರಬದ ಬಸ್ಸಿನ ಮೇಲೇರಿ ಅಲ್ಲಿಗೆ ಹೋಯಿತು. ಅದಿದ್ದ ಕಡೆ ನೆಲ ಇನ್ನೂ ಬೆಚ್ಚಗಿತ್ತು. ಆರುವವರೆಗೆ ಅಲ್ಲೇ ಕುಳಿತಿದ್ದೆ. ಏಳಲು ಬೇರೆ ಕೆಲಸವೂ ಇರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಸೊರಬಕ್ಕೆ ಹೋದೆ. ನೀಲಾ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಅವ್ವಾ, ಬಾಯ್ಲರ್ ಬಂದ್ಮೇಲೆ ಅತ್ತೆಗೆ ಖುಷಿಯೋ ಖುಷಿ. ಮುಂದಿನ ಬಾಣಂತನಗಳೂ ಇಲ್ಲೇ ಆಗ್ಲಿ ಅಂತಾರೆ!" ಎಂದಳು.

ಹಾಗೆಯೇ ಆಯಿತು. ನಿಮ್ಮಲ್ಲಿ ಒಬ್ಬರೂ ನನ್ನ ಮನೆಯಲ್ಲಿ ಹುಟ್ಟಲಿಲ್ಲ. ಬಾಯ್ಲರಿಗೆ ಬಸ್ ಚಾರ್ಜು ಕೊಟ್ಟು ಆ ವ್ಯವಸ್ಥೆ ಮಾಡಿದವಳು ನಾನೇ!